ದೊಡ್ಡಮ್ಮನಿಗೆ ಕೋಟಿಂಗ್ ಇರುವುದೇ ಬೇಕಾ?

ಮೆಸೇಜ್ ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ವಾಯ್ಸ್ ಕಳಿಸೋಣ ಅಂತ ಎರಡು ಸಲ ನೋಡಿದೆ. ಇಲ್ಲಿ ತೀರ್ಥಹಳ್ಳಿ ಕಡೆ ಮಳೆ ಹೇಗಿದೆ ಅಂದರೆ, ತಗಡಿನ ಸದ್ದಿಗೆ ನನ್ನ ಮಾತು ನನಗೇ ಕೇಳಲಿಲ್ಲ. ಹಾಗಾಗಿ ಮಾತಾಡಿದ ಹಾಗೇ ಬರೆಯುತ್ತಿದ್ದೇನೆ. ಕಾಫಿ ಹಿಡಿದುಕೊಂಡು ಓದಿ.

ಬೆಳಿಗ್ಗೆಯಿಂದ ಫೋನ್ ನೋಡದವರಿಗೆ ವಿಷಯ ಇಷ್ಟು. ದೊಡ್ಡಮ್ಮ ನಿನ್ನೆ ಸಂಜೆ ಅಂಗಳದಲ್ಲಿ ಜಾರಿ ಬಿದ್ದರು. ತೊಡೆಮೂಳೆಯ ಕುತ್ತಿಗೆ ಮುರಿದಿದೆ. ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಿ ಅಣ್ಣ ಜೊತೆಗಿದ್ದಾನೆ. ಮೇಲಿನ ಬಾಲ್ ತೆಗೆದು ಬೇರೆ ಹಾಕಬೇಕು, ಅದರ ಕಡ್ಡಿಯನ್ನು ತೊಡೆಮೂಳೆಯ ಕೊಳವೆಯೊಳಗೆ ಸಿಮೆಂಟ್ ಹಾಕಿ ಕೂರಿಸುತ್ತೇವೆ ಅಂದಿದ್ದಾರೆ ಡಾಕ್ಟರ್. ಅದಕ್ಕೆ ಸಾಗರದ ಭಾವ, "ಸಿಮೆಂಟ್ ಹಳೇ ಕಾಲದ್ದು, ಕೋಟಿಂಗ್ ಇರುವುದನ್ನೇ ಹಾಕಿಸಿ, ದುಡ್ಡು ಎಲ್ಲರೂ ಸೇರಿ ಹಾಕೋಣ" ಅಂದರು. ಚಿಕ್ಕಮ್ಮ ಒಂದು ಫಾರ್ವರ್ಡ್ ಹಾಕಿದರು. ಕೋಟಿಂಗ್ ಕಿತ್ತು ರಕ್ತಕ್ಕೆ ಸೇರಿ ವಿಷ ಆಗುತ್ತದಂತೆ. ಆಮೇಲೆ ಇಬ್ಬರೂ ನನ್ನ ಹೆಸರು ಎಳೆದರು. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಅದೇ ಕೆಲಸ ಮಾಡಿದ್ದಾನಲ್ಲ, ಕೇಳಿ ಅಂತ.

ನಿಜ, ತೋಟಕ್ಕೆ ವಾಪಸ್ ಬರುವ ಮೊದಲು ಅದೇ ನನ್ನ ಅನ್ನ. ಆದರೆ ನಾನು ಡಾಕ್ಟರ್ ಅಲ್ಲ, ಲೇಪ ಹಾಕುವವನು. ಅಷ್ಟರ ಮಟ್ಟಿಗೆ ಕೇಳಿ.

ಮೊದಲು ಚಿಕ್ಕಮ್ಮನ ಭಯ. ಕೋಟಿಂಗ್ ಅಂದರೆ ಆ ಕಡ್ಡಿಯ ಮೇಲಿನ ಬಿಳಿ ಲೇಪ, ಅದರ ಹೆಸರು ಹೈಡ್ರಾಕ್ಸಿಅಪಟೈಟ್. ಹೆಸರು ಕೇಳಿ ಹೆದರಬೇಡಿ. ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿದ ಖನಿಜ ಅದು. ನಮ್ಮ ಮೂಳೆಗೆ, ಹಲ್ಲಿಗೆ ಗಟ್ಟಿತನ ಕೊಡುವುದು ಹೆಚ್ಚುಕಡಿಮೆ ಅದೇ. ವರ್ಷಗಳು ಕಳೆದಂತೆ ಸ್ವಲ್ಪ ಸ್ವಲ್ಪ ಕರಗಿ ಮೈಗೆ ಸೇರುವುದು ನಿಜ. ಆದರೆ ಮೂಳೆಯ ಸಾಮಾನೇ ಮೈಗೆ ವಿಷ ಹೇಗಾಗುತ್ತದೆ? ಕರಗುವ ಹೊತ್ತಿಗೆ ಮೂಳೆ ಬೆಳೆದು ಕೆಳಗಿನ ಒರಟು ಲೋಹವನ್ನು ಹಿಡಿದುಕೊಂಡಿರಬೇಕು, ಅದೇ ಲೆಕ್ಕಾಚಾರ. ಪದರವೂ ತೆಳು. 1 ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ದಪ್ಪ ಬಳಿದರೆ ಹಳೇ ಗೋಡೆಯ ಸುಣ್ಣದ ಹಾಗೆ ಹಕ್ಕಳೆ ಏಳುತ್ತದೆ.

ಬಳಿಯುವುದು ಅಂದೆ, ಆದರೆ ಬ್ರಷ್ ಹಿಡಿದು ಬಳಿಯುವುದಲ್ಲ. ಮೊದಲು ಟೈಟಾನಿಯಂ ಕಡ್ಡಿಗೆ ಗಟ್ಟಿ ಹರಳಿನ ಪುಡಿ ರಭಸದಲ್ಲಿ ಹೊಡೆದು ಮೈ ಒರಟು ಮಾಡುತ್ತೇವೆ. ಗಾರೆಯವರು ನುಣುಪು ಗೋಡೆಗೆ ಕಚ್ಚು ಹೊಡೆದು ಆಮೇಲೆ ಪ್ಲಾಸ್ಟರ್ ಮಾಡುವುದಿಲ್ವಾ, ಹಾಗೆ. ಆಮೇಲೆ ಪ್ಲಾಸ್ಮಾ ಟಾರ್ಚ್. ಆರ್ಗಾನ್ ಗ್ಯಾಸಿನೊಳಗೆ ಕರೆಂಟು ಹಾಯಿಸಿದರೆ ಕಣ್ಣು ಕುಕ್ಕುವ ಜ್ವಾಲೆ ಬರುತ್ತದೆ. ಒಳಗಿನ ಕಾವು 10,000 ಡಿಗ್ರಿ ದಾಟುತ್ತದೆ. ಅದಕ್ಕೆ ಬಿಳಿ ಪುಡಿ ಬಿಟ್ಟರೆ ಒಂದೊಂದು ಕಣವೂ ಕರಗಿ ಹಾರಿ ಕಡ್ಡಿಗೆ ಬಡಿದು ಚಪ್ಪಟೆಯಾಗಿ ಕೂರುತ್ತದೆ. ದೊಡ್ಡಮ್ಮ ಕಾವಲಿಗೆ ನೀರುದೋಸೆ ಹಿಟ್ಟು ಎರಚುತ್ತಾರಲ್ಲ, ಥೇಟ್ ಅದೇ. ಕಾವಲಿ ಕಾವಿನ ಗುಟ್ಟೂ ಅದೇ. ಕಾವು ಜಾಸ್ತಿಯಾದರೆ ಪುಡಿಯ ಹರಳು ಕೆಟ್ಟು, ಮೈಯೊಳಗೆ ಹೋದ ಮೇಲೆ ಬೇಗ ಕರಗಿಹೋಗುತ್ತದೆ. ಕಮ್ಮಿಯಾದರೆ ಸರಿಯಾಗಿ ಅಂಟುವುದಿಲ್ಲ.

ಅಂಟಿದೆಯೋ ಇಲ್ಲವೋ ನೋಡುವುದಕ್ಕೆ ಸಣ್ಣ ಬಿಲ್ಲೆಗಳಿಗೂ ಲೇಪ ಹಾಕಿ, ಅಂಟು ಹಚ್ಚಿ ಮೆಷಿನ್ನಿನಲ್ಲಿ ಎಳೆಯುತ್ತಿದ್ದೆವು. ಐಎಸ್‌ಒ 13779 ಅಂತ ಒಂದು ನಿಯಮ ಇದೆ. ಕನಿಷ್ಠ 15 ಮೆಗಾಪಾಸ್ಕಲ್ ತಡೆಯಬೇಕು. ನಮ್ಮ ಭಾಷೆಯಲ್ಲಿ ಹೇಳಿದರೆ, ಒಂದು ಸೆಂಟಿಮೀಟರ್ ಚೌಕದ ಜಾಗಕ್ಕೆ 50 ಕೆಜಿಯ ಮೂರು ಅಕ್ಕಿ ಮೂಟೆ ನೇತುಹಾಕಿದರೂ ಕಿತ್ತು ಬರಬಾರದು. ಮುಗಿದ ಕಡ್ಡಿಯ ಮೇಲೆ ಉಗುರು ಎಳೆದರೆ ಬಳಪದ ಮೇಲೆ ಎಳೆದ ಹಾಗೆ ಜುಂ ಅನ್ನುತ್ತದೆ. ಅದನ್ನು ಮುಟ್ಟುವ ಹಾಗಿರಲಿಲ್ಲ, ನಾನು ರಿಜೆಕ್ಟ್ ಆದದ್ದನ್ನು ಮುಟ್ಟಿ ನೋಡಿದ್ದು.

ಈಗ ಭಾವನಿಗೆ. ಭಾವ, ನೀವು ಕೋಟಿಂಗನ್ನು ಅಂಟು ಅಂದುಕೊಂಡಿದ್ದೀರಿ. ಅದು ಅಂಟಲ್ಲ. ಅದು ಮೂಳೆಯನ್ನು ಕರೆಯುತ್ತದೆ ಅಷ್ಟೇ. ಬಂದು ಹಿಡಿದುಕೊಳ್ಳಬೇಕಾದ್ದು ಮೂಳೆ. ನಿಮ್ಮ ತೋಟದಲ್ಲೇ ನೋಡಿ, ಮೆಣಸಿನ ಬಳ್ಳಿ ಒರಟು ತೊಗಟೆಯ ಮರವನ್ನು ಬೇಗ ಹಿಡಿಯುತ್ತದೆ, ನುಣುಪು ಮರದಲ್ಲಿ ಜಾರುತ್ತದೆ. ಆದರೆ ಬಳ್ಳಿಯೇ ಸೊರಗಿದ್ದರೆ ಎಂಥ ಮರ ಇದ್ದು ಏನು ಪ್ರಯೋಜನ?

ಲೋಹವನ್ನು ಮೂಳೆ ಹೀಗೆ ಹಿಡಿಯುತ್ತದೆ ಅಂತ ಗೊತ್ತಾಗಿದ್ದೇ ಆಕಸ್ಮಿಕ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡಲು ಟೈಟಾನಿಯಂ ಸಾಧನ ಕೂರಿಸಿದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ. 1965ರಲ್ಲಿ ಅದೇ ನಂಬಿಕೆಯ ಮೇಲೆ ಮನುಷ್ಯರ ದವಡೆಗೆ ಹಲ್ಲು ಕೂರಿಸಿದರು. ಸೊಂಟದ ಕೀಲಿಗೆ ಈ ಬಿಳಿ ಲೇಪ ಹಾಕಿದ್ದು 1985ರಲ್ಲಿ, ಲಂಡನ್ನಿನ ಸರ್ಜನ್ ರೊನಾಲ್ಡ್ ಫರ್ಲಾಂಗ್. ವಯಸ್ಸು ಕಮ್ಮಿ ಇದ್ದು ಮೂಳೆ ಗಟ್ಟಿ ಇರುವವರಿಗೆ ಇದು ಒಳ್ಳೆಯದೇ, ಅದರಲ್ಲಿ ಅನುಮಾನ ಇಲ್ಲ.

ಆದರೆ ಮೂಳೆ ಬಂದು ಹಿಡಿಯಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಕಡ್ಡಿ ಅಲ್ಲಾಡಬಾರದು. ಎರಡು ಕೂದಲಿನ ದಪ್ಪದಷ್ಟು, ಅಂದರೆ 0.15 ಮಿಲಿಮೀಟರ್ ಅತ್ತಿತ್ತ ಆಡುತ್ತಿದ್ದರೂ ಮೂಳೆಯ ಬದಲು ಮೆತ್ತಗಿನ ನಾರು ಬೆಳೆಯುತ್ತದೆ. ಇದು ನನ್ನ ಬಾಯಲ್ಲೇ ಆಯಿತು. ಹಲ್ಲು ಕೂರಿಸಲು ಕೆಳಗಿನ ದವಡೆಗೆ ಸ್ಕ್ರೂ ಹಾಕಿಸಿಕೊಂಡಾಗ, ಮೂರು ತಿಂಗಳು ಆ ಕಡೆ ಗಟ್ಟಿ ಪದಾರ್ಥ ಅಗಿಯಬೇಡಿ ಅಂದಿದ್ದರು. ಊರಲ್ಲಿ ಅಡಿಕೆ ಕೊನೆ ಕೊಯ್ಲಿನ ದಿನಗಳು. ಎಲೆ ಅಡಿಕೆ ಕವಳ ಬಿಟ್ಟು ಇರುವುದಕ್ಕೆ ಆಗುತ್ತದಾ? ಆರನೇ ವಾರ ಸ್ಕ್ರೂ ನಾಲಿಗೆಗೆ ಅಲ್ಲಾಡಿತು. ತೆಗೆದು ಅಂಗೈ ಮೇಲೆ ಇಟ್ಟರು. ಸುತ್ತ ಹಲಸಿನ ತೊಳೆಯ ಮೇಲಿನ ಪೊರೆಯಂಥದ್ದು ಅಂಟಿತ್ತು. ಲೇಪ ಹಾಕುವವನಿಗೇ ಈ ಗತಿ! ಆಫೀಸಿನಲ್ಲಿ ನಗದವರಿಲ್ಲ.

ದೊಡ್ಡಮ್ಮನಿಗೆ 78. ಹೋದ ವರ್ಷ ಮಣಿಕಟ್ಟು ಮುರಿದಾಗಲೇ ಮೂಳೆ ಟೊಳ್ಳಾಗಿದೆ ಅಂದಿದ್ದರು. ಸಿಮೆಂಟ್ ಇಲ್ಲದ ಕಡ್ಡಿಯನ್ನು ಮೂಳೆಯ ಕೊಳವೆಗೆ ಬಿಗಿಯಾಗಿ ಬಡಿದು ಕೂರಿಸಬೇಕು. ಇಲ್ಲದಿದ್ದರೆ ಅಲ್ಲಾಡುತ್ತದೆ. ಟೊಳ್ಳು ಮೂಳೆಗೆ ಬಡಿದರೆ ಸೀಳುವ ಭಯ. ಸಿಮೆಂಟ್ ಅಂದರೆ ಮನೆ ಕಟ್ಟುವ ಸಿಮೆಂಟ್ ಅಲ್ಲ ಮತ್ತೆ. ಹಲ್ಲುಸೆಟ್ಟಿನ ಗುಲಾಬಿ ಪ್ಲೇಟ್ ಇರುತ್ತದಲ್ಲ, ಆ ಜಾತಿಯ ಅಕ್ರಿಲಿಕ್. ಪುಡಿ, ದ್ರವ ಕಲಸಿ ತುಂಬಿದರೆ ಹತ್ತು ಹದಿನೈದು ನಿಮಿಷದಲ್ಲಿ ಕಲ್ಲಾಗುತ್ತದೆ. ಕಡ್ಡಿಯನ್ನು ಹಿಡಿಯುವುದಕ್ಕೆ ಮೂಳೆ ಬೆಳೆಯುವ ತನಕ ಕಾಯಬೇಕಾಗಿಲ್ಲ, ಸಾಮಾನ್ಯವಾಗಿ ಮಾರನೇ ದಿನವೇ ನಿಲ್ಲಿಸುತ್ತಾರೆ.

ಇದು ನನ್ನ ಊಹೆ ಅಲ್ಲ. ಬ್ರಿಟನ್ನಿನಲ್ಲಿ 60 ದಾಟಿದ, ಹೀಗೇ ಸೊಂಟ ಮುರಿದ 1,225 ಜನರನ್ನು ಎರಡು ಗುಂಪು ಮಾಡಿ ನೋಡಿದ್ದರು, 2022ರಲ್ಲಿ ಪ್ರಕಟ ಆಯಿತು. ಸಿಮೆಂಟ್ ಇಲ್ಲದೆ ಆಧುನಿಕ ಕಡ್ಡಿ ಹಾಕಿದವರಲ್ಲಿ 100ಕ್ಕೆ 2.1 ಜನರಿಗೆ ಅದರ ಸುತ್ತ ಮೂಳೆ ಮುರಿಯಿತು. ಸಿಮೆಂಟಿನವರಲ್ಲಿ 0.5. ನಾಲ್ಕು ತಿಂಗಳ ನಂತರ ಓಡಾಟ, ನೋವು ಎಲ್ಲ ಸೇರಿಸಿ ನೋಡಿದರೂ ಸಿಮೆಂಟಿನವರೇ ಸ್ವಲ್ಪ ಮೇಲು. ಸಿಮೆಂಟಿಗೂ ಅದರದೇ ತೊಂದರೆ ಇದೆ, ಮುಚ್ಚಿಡುವುದಿಲ್ಲ. ಒತ್ತಿ ತುಂಬುವಾಗ ಕೆಲವರಿಗೆ ಬಿಪಿ ದಿಢೀರ್ ಇಳಿಯುತ್ತದೆ. ಅಣ್ಣ, ದೊಡ್ಡಮ್ಮನ ಹೃದಯದ ಮಾತ್ರೆಗಳ ಪಟ್ಟಿಯನ್ನು ಅನಸ್ತೇಸಿಯಾ ಡಾಕ್ಟರ್ ಕೈಗೇ ಕೊಡು. ನರ್ಸ್ ಹತ್ತಿರ ಹೇಳಿದ್ದೇನೆ ಅಂತ ಸುಮ್ನೆ ಕೂರಬೇಡ.

ನಾವು ಇಲ್ಲಿ ಕೋಟಿಂಗ್ ಬೇಕೋ ಬೇಡವೋ ಅಂತ ಚರ್ಚೆ ಮಾಡುತ್ತಾ ಕೂತರೆ ಅಲ್ಲಿ ಆಪರೇಷನ್ ತಡವಾಗುತ್ತದೆ. ಈ ಮುರಿತಕ್ಕೆ 48 ಗಂಟೆ ಒಳಗೆ ಆದರೆ ಒಳ್ಳೆಯದು. ಮಲಗಿದಷ್ಟೂ ಕಫ, ಬೆನ್ನು ಹುಣ್ಣು. ಅಣ್ಣ, ಡಾಕ್ಟರ್ ಹೇಳಿದ್ದಕ್ಕೆ ಹೂಂ ಅನ್ನು. ಭಾವ, ಆ ದುಡ್ಡು ಹಾಗೇ ಇರಲಿ, ಫಿಸಿಯೋಥೆರಪಿಗೆ, ಬೇರೆ ಕಮೋಡ್ ಹಾಕಿಸುವುದಕ್ಕೆ ಬೇಕಾಗುತ್ತದೆ.

ಇನ್ನೊಂದು. ಇಂಪ್ಲಾಂಟ್ ಡಬ್ಬಿಯಲ್ಲಿ ಸ್ಟಿಕ್ಕರ್ ಇರುತ್ತವೆ, ಅಳತೆ, ಲಾಟ್ ನಂಬರ್ ಎಲ್ಲ ಅದರಲ್ಲೇ. ಒಂದು ಆಸ್ಪತ್ರೆ ಫೈಲಿಗೆ ಹೋಗುತ್ತದೆ. ಇನ್ನೊಂದು ಕೇಳಿ ತೆಗೆದುಕೊಂಡು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸು. ಮುಂದೆ ಏನಾದರೂ ಆದರೆ ಅದೇ ಜಾತಕ.

ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ದೊಡ್ಡಮ್ಮನ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವವನು ನಾನು. ಈ ಸಲ ತೋಟಕ್ಕೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಇವತ್ತು ನಾಳೆ ಅಂತ ಬಿಟ್ಟೆ. ಅವರು ಜಾರಿದ ಜಾಗದ ಪಾಚಿಯಲ್ಲಿ ಹಿಮ್ಮಡಿಯ ಗೆರೆ ಇನ್ನೂ ಇದೆ. ಮಧ್ಯಾಹ್ನ ಎರಡು ಮರ ಸೀಳಿಸಿದೆ, ಬಚ್ಚಲಿನ ತನಕ ಹಾಸಿ ಆಯಿತು. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಅಣ್ಣ, ಗಂಜಿ ತರಲಾ, ಇಲ್ಲಾ ಅಲ್ಲೇ ಏನಾದರೂ ಕೊಡುತ್ತಾರಾ, ಹೇಳು.