ಅಪ್‌ಡೇಟ್: ತೊಟ್ಟು ತೆಗೆಯುವ ಯಂತ್ರದ ಪೇಟೆಂಟ್ ಎಲ್ಲಿಗೆ ಬಂತು?

ಬಳ್ಳಾರಿಯ ನಮ್ಮ ವರ್ಕ್‌ಶಾಪಿನಲ್ಲಿ ಮಾಡಿದ ಮೆಣಸಿನಕಾಯಿ ತೊಟ್ಟು ತೆಗೆಯುವ ಯಂತ್ರಕ್ಕೆ ಪೇಟೆಂಟ್ ಮಾಡಿಸೋದು ಹೇಗೆ ಅಂತ ಕೇಳಿದ್ದೆ, ನೆನಪಿದೆಯಾ? ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಪ್ರಾವಿಷನಲ್ ಅರ್ಜಿ, ಅಂದರೆ ಪೂರ್ತಿ ವಿವರಣೆಗೆ ಮೊದಲು ಹಾಕುವ ತಾತ್ಕಾಲಿಕ ಅರ್ಜಿ, ಆನ್‌ಲೈನಲ್ಲೇ ಹಾಕಿದೆ. ಕರ್ನಾಟಕದ ಅರ್ಜಿಗಳೆಲ್ಲ ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತವೆ. ಸರ್ಕಾರಿ ಶುಲ್ಕ ಬರೀ 1,600 ರೂಪಾಯಿ. ದುಡ್ಡು ಕೇಳೋದು ಅರ್ಜಿಯ ಬರವಣಿಗೆ! ಅದನ್ನು ಬರೆದುಕೊಡುವ ಒಬ್ಬ ಪೇಟೆಂಟ್ ಏಜೆಂಟ್ ಹೇಳಿದ ರೇಟಿಗೆ ಇನ್ನೊಂದು ಮೋಟಾರೇ ಬರುತ್ತಿತ್ತು.

ಸ್ಟಾರ್ಟಪ್‌ಗಳಿಗೆ ಏಜೆಂಟ್ ಫೀಸನ್ನು ಸರ್ಕಾರವೇ ಕೊಡುವ ಯೋಜನೆ ಇದೆ. ಆದರೆ ನಮ್ಮದು ಒಬ್ಬರ ಹೆಸರಿನ ಪ್ರೊಪ್ರೈಟರ್‌ಶಿಪ್, ಸ್ಟಾರ್ಟಪ್ ಮಾನ್ಯತೆ ಸಿಗಲ್ಲ. ಅದಕ್ಕಂತಲೇ ಕಂಪನಿ ಮಾಡೋದಾ? ಸದ್ಯಕ್ಕೆ ಬೇಡ ಅಂದುಕೊಂಡಿದ್ದೇನೆ.

ಇನ್ನು, ಅರ್ಜಿ ಹಾಕಿದ ದಿನದಿಂದ 12 ತಿಂಗಳೊಳಗೆ ಪೂರ್ತಿ ವಿವರಣೆ ಕೊಡಬೇಕು. ಕಷ್ಟ ಇರೋದು ಇಲ್ಲೇ. ರೋಲರ್ ಯಂತ್ರಗಳು ಮೊದಲೇ ಇವೆ. ನಮ್ಮದರಲ್ಲಿ ಹೊಸದು ಒಂದೇ: ಎರಡು ರಬ್ಬರ್ ರೋಲರ್‌ಗಳ ಸಂದಿ ಕಾಯಿಯ ದಪ್ಪಕ್ಕೆ ತಾನೇ ಹಿಗ್ಗುತ್ತದೆ, ತೊಟ್ಟು ಹೋಗುತ್ತದೆ, ಬೀಜ ಉದುರಲ್ಲ. ಕ್ಲೇಮ್, ಅಂದರೆ ಯಾವುದು ನಮ್ಮ ಹಕ್ಕು ಅಂತ ಹೇಳುವ ಭಾಗ, ಆ ಸಂದಿಯ ಮೇಲೇ ನಿಲ್ಲಬೇಕು. ತೀರಾ ಅಗಲವಾಗಿ ಬರೆದರೆ ತಿರಸ್ಕಾರ, ತೀರಾ ಕಿರಿದಾದರೆ ಪಕ್ಕದ ಫ್ಯಾಬ್ರಿಕೇಶನ್‌ನವರು ಸಂದಿ ಹಿಗ್ಗಿಸುವ ಸ್ಪ್ರಿಂಗ್ ಬದಲಿಸಿ ನಕಲು ಮಾಡುತ್ತಾರೆ, ಅಲ್ವಾ?

ಅದಕ್ಕೆ ಕ್ಲೇಮ್‌ಗಳನ್ನಷ್ಟೇ ಏಜೆಂಟ್ ಕೈಲಿ ಬರೆಸುತ್ತೇನೆ. ಚಿತ್ರಗಳು ನನ್ನವೇ.