ಕನ್ವೆಕ್ಷನ್‌ಗೆ ಸಂವಹನ ಅನ್ನೋದಾ, ಪರಿಸರಣ ಅನ್ನೋದಾ?

ಎಲ್ರಿಗೂ ನಮಸ್ಕಾರ. ಬೆಂಗಳೂರಿನ ಜಕ್ಕೂರಲ್ಲಿರೋ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ರೊದ್ದಂ ನರಸಿಂಹ ಅವರ ತಂಡ ಮೋಡದ ಬಗ್ಗೆ ಮಾಡಿದ ಪ್ರಯೋಗವನ್ನ ಹೈಸ್ಕೂಲ್ ಮಕ್ಕಳಿಗೆ ಅರ್ಥ ಆಗೋ ಹಾಗೆ ಬರೀತಿದೀನಿ, ಕನ್ವೆಕ್ಷನ್ (ನೀರು, ಗಾಳಿ ಹರೀತಾ ಶಾಖ ಹೊತ್ಕೊಂಡು ಹೋಗೋದು) ಅನ್ನೋ ಪದದ ಹತ್ರ ಲೇಖನ ನಿಂತಿದೆ.

ಫಿಸಿಕ್ಸ್ ಪುಸ್ತಕದಲ್ಲಿ ವಹನ, ಸಂವಹನ, ವಿಕಿರಣ ಅಂತಿದೆ. ಭೂಗೋಳಕ್ಕೆ ಬಂದ್ರೆ ಪರಿಸರಣ ಮಳೆ, ಅದೇ ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ನೆಲ ಕಾದು ಗಾಳಿ ಮೇಲೆದ್ದು ಸಂಜೆ ಗುಡುಗಿ ಸುರಿಯತ್ತಲ್ಲ, ಅದು. ಎರಡೂ ಕನ್ವೆಕ್ಷನ್ನೇ ಅಂತ ಓದೋ ಮಕ್ಕಳಿಗೆ ಯಾರೂ ಹೇಳಲ್ಲ. ಜೊತೆಗೆ ಈಗ ಪೇಪರ್, ಟಿವಿ, ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸು ಎಲ್ಲಾ ಕಡೆ ಸಂವಹನ ಅಂದ್ರೆ ಕಮ್ಯುನಿಕೇಶನ್. "ಬಲವಂತದ ಸಂವಹನ" ಅಂತ ಬರೆದ್ರೆ ಫ್ಯಾನ್ ಹಾಕಿ ತಣಿಸೋದು ಅಂತ ಎಷ್ಟು ಜನಕ್ಕೆ ಹೊಳೆಯತ್ತೆ?

ಪರಿಸರಣ ಅಂದ್ರೆ ಸುತ್ತಲೂ ಹರಿಯೋದು ಅನ್ನೋ ಅರ್ಥ ಬರತ್ತೆ. ಪಾತ್ರೆಯಲ್ಲಿ ಕಾಯೋ ನೀರಿಗೆ ಅದು ಸರಿ, ಬಿಸಿ ಮೇಲೆ ತಣ್ಣಗಿನದು ಕೆಳಗೆ ಅಂತ ಸುತ್ತುತ್ತೆ. ಆದ್ರೆ ಈ ಪ್ರಯೋಗ ನೋಡಿ. ತೊಟ್ಟಿಯ ಶುದ್ಧ ನೀರೊಳಗೆ ತಳದಿಂದ ಸ್ವಲ್ಪ ಆಸಿಡ್ ಬೆರೆಸಿದ ನೀರು ಚಿಮ್ಮತ್ತೆ, ಆಸಿಡ್ ಇರೋದ್ರಿಂದ ಕರೆಂಟು ಹೆಚ್ಚಾಗಿ ಆ ನೀರಲ್ಲೇ ಹರಿಯತ್ತೆ, ಹಾಗಾಗಿ ಒಂದು ಎತ್ತರದಲ್ಲಿ ತಂತಿಜಾಲರಿ ಇಟ್ಟು ಕರೆಂಟ್ ಕೊಟ್ರೆ ಏರ್ತಿರೋ ನೀರು ಅರ್ಧ ದಾರಿಯಲ್ಲಿ ಬಿಸಿಯಾಗತ್ತೆ. ಮೋಡದಲ್ಲಿ ಆವಿ ಹನಿಯಾಗೋವಾಗ ಬಿಡೋ ಶಾಖದ ಜಾಗದಲ್ಲಿ ಈ ಕರೆಂಟು. 2011ರಲ್ಲಿ ಪ್ರಕಟವಾದ ಈ ಕೆಲಸದ ಫೋಟೋಗಳಲ್ಲಿ ಹೂಕೋಸಿನ ಥರದ ಮೋಡಗಳೇ ಕಾಣ್ತವೆ, ನಮ್ಮೂರಲ್ಲೇ ಇಂಥದ್ದು ನಡೆದಿದೆ ಅಂತ ಮಕ್ಕಳಿಗೆ ಗೊತ್ತಾಗ್ಲೇಬೇಕು ಅಂತ ನನ್ನಾಸೆ. ಇಲ್ಲಿ ಮುಖ್ಯ ಆಗಿರೋದು ಮೇಲೇರೋ ಹರಿವು ಶಾಖ ಹೊತ್ಕೊಂಡು ಹೋಗೋದು, ಸುತ್ತೋದಲ್ಲ.

ಅದಕ್ಕೇ ನನ್ನ ಮನಸ್ಸು ಸಂವಹನದ ಕಡೆಗೇ ವಾಲತ್ತೆ. ಇನ್ನೊಂದು ಕಾರಣ ಇದೆ. ಕೆಳಗಿಂದ ಕಾಯಿಸಿದ ತೆಳು ಪದರದಲ್ಲಿ ಬಿಸಿಯಾದದ್ದನ್ನ ಮೇಲೆತ್ತೋ ಬಲ ಅದನ್ನ ತಡೆಯೋದಕ್ಕಿಂತ ಎಷ್ಟು ಜಾಸ್ತಿ ಅಂತ ತೋರಿಸೋ ರೇಲಿ ಸಂಖ್ಯೆ 1708 ದಾಟೋ ತನಕ (ಮೇಲೆ ಕೆಳಗೆ ಎರಡೂ ಕಡೆ ಗಟ್ಟಿ ತಟ್ಟೆ ಇದ್ರೆ) ಹರಿವು ಶುರುವಾಗಲ್ಲ, ಅಲ್ಲೀವರೆಗೂ ನುಸೆಲ್ಟ್ ಸಂಖ್ಯೆ (ಒಟ್ಟು ಸಾಗೋ ಶಾಖ ಬರೀ ವಹನದಿಂದ ಸಾಗೋದ್ರ ಎಷ್ಟು ಪಟ್ಟು ಅನ್ನೋ ಲೆಕ್ಕ) 1, ಅಂದ್ರೆ ಬರೀ ವಹನ, ವಸ್ತು ಹರಿಯದೆ ಶಾಖ ಮಾತ್ರ ದಾಟೋದು. ದಾಟಿದ್ಮೇಲೆ ಸಂವಹನ. ಈ ವಹನ-ಸಂವಹನ ಜೋಡಿ ಬಿಟ್ರೆ ಇದನ್ನ ಇಷ್ಟು ಸಲೀಸಾಗಿ ಹೇಳಕ್ಕಾಗಲ್ಲ. ಸದ್ಯಕ್ಕೆ ಎಲ್ಲಾ ಕಡೆ ಉಷ್ಣಸಂವಹನ ಅಂತ ಬರೆದಿದೀನಿ, ಸ್ವಲ್ಪ ಭಾರ ಅನ್ಸತ್ತೆ. ಒಬ್ರು ಸ್ನೇಹಿತರು ಝಳ ಅಂದ್ರು, ಆದ್ರೆ ಒಲೆ ಮುಂದೆ ಕೂತಾಗ ಮುಖಕ್ಕೆ ಹೊಡೆಯೋ ಝಳ ಬಹುಪಾಲು ವಿಕಿರಣ, ಅದು ಬೇಡ.

ಡಿಪ್ಲೊಮಾ, ಇಂಜಿನಿಯರಿಂಗ್ ಕಾಲೇಜಲ್ಲಿ ಕನ್ನಡದಲ್ಲಿ ವಿವರಿಸಿ ಪಾಠ ಮಾಡೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ನೀವು ಕ್ಲಾಸಲ್ಲಿ ಏನಂತೀರಿ, ಕನ್ವೆಕ್ಷನ್ ಅಂತಲೇ ಬಿಡ್ತೀರಾ? ದ್ರವ, ಅನಿಲ ಎರಡನ್ನೂ ಸೇರಿಸಿ ಹೇಳೋ ಫ್ಲೂಯಿಡ್‌ಗೂ ಒಂದು ಪದ ಬೇಕು, ದ್ರವ ಅಂದ್ರೆ ಗಾಳಿ ಹೊರಗುಳಿಯತ್ತೆ, ತರಲ ಅಂದ್ರೆ ಯಾರಿಗೂ ತಿಳಿಯಲ್ಲ. ಮೋಡ ಏರ್ತಾ ಏರ್ತಾ ಅಕ್ಕಪಕ್ಕದ ಒಣಗಾಳಿನ ಒಳಗೆ ಎಳ್ಕೊಳ್ಳೋದಕ್ಕೆ, ಎಂಟ್ರೇನ್‌ಮೆಂಟ್ ಅಂತಾರಲ್ಲ, ಅದಕ್ಕೆ "ಒಳಸೆಳೆತ" ಅಂತ ಹಾಕಿದೀನಿ, ನದಿಯ ಸುಳಿ ಅಂತ ತಪ್ಪು ತಿಳ್ಕೊಳ್ಳೋ ಹಾಗಿದ್ರೆ ತಿಳಿಸಿ, ಬದಲಾಯಿಸ್ತೀನಿ.