ಮೂರು ಕಂಪ್ಯೂಟರ್‌ಗಳಲ್ಲಿ ಒಂದೇ ಕೋಡ್: ಮಳೆಗಾಲದಲ್ಲೂ ಸರಿಹೊಂದಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ವಿರಾಜಪೇಟೆ)

ತೋಟದ ಮಳೆ ಲೆಕ್ಕಕ್ಕೂ ಕಾಫಿ ಕೊಯ್ಲಿನ ಕೂಲಿ ಲೆಕ್ಕಕ್ಕೂ ನಾನು ಬರೆದುಕೊಂಡ ಸಣ್ಣ ಪ್ರೋಗ್ರಾಂಗಳ ಗಿಟ್ ರೆಪೊಗಳು (ಬದಲಾವಣೆಗಳ ಇತಿಹಾಸ ಇಡುವ ಗಿಟ್ ಎಂಬ ತಂತ್ರಾಂಶದ ಕೋಡ್ ಸಂಗ್ರಹಗಳು) ಮೂರು ಕಡೆ ಇವೆ: ಮನೆಯ ಡೆಸ್ಕ್‌ಟಾಪ್, ಮಡಿಕೇರಿಯ ಕಚೇರಿಗೆ ಒಯ್ಯುವ ಲ್ಯಾಪ್‌ಟಾಪ್ ಮತ್ತು ನಾಪೋಕ್ಲು ಬಳಿಯ ತೋಟದ ಮನೆಯಲ್ಲಿರುವ ಹಳೆಯ ಯಂತ್ರ. ಸದ್ಯಕ್ಕೆ ಇಡೀ ಫೋಲ್ಡರನ್ನು ಒಂದು ಕ್ಲೌಡ್ ಸಿಂಕ್ ಸೇವೆಯಲ್ಲಿ ಇಟ್ಟಿದ್ದೇನೆ. ಆದರೆ ಗಿಟ್ ತನ್ನ ಇತಿಹಾಸವನ್ನು ಇಡುವ ಡಾಟ್‌ಗಿಟ್ ಫೋಲ್ಡರಿನೊಳಗೆ ‘ಕಾನ್‌ಫ್ಲಿಕ್ಟ್’ ಎಂಬ ಹೆಸರಿನ ಕಡತಗಳು ಹುಟ್ಟಿಕೊಳ್ಳುತ್ತಿವೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ತೋಟಕ್ಕೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಸಿಗುವುದಿಲ್ಲ. ಇದಕ್ಕೆ ಭರವಸೆಯ ದಾರಿ ಯಾವುದು?

ಉತ್ತರ (ಮಡಿಕೇರಿ)

ಮೊದಲು ಡಾಟ್‌ಗಿಟ್ ಫೋಲ್ಡರನ್ನು ಆ ಸೇವೆಯಿಂದ ಹೊರಗೆ ತನ್ನಿ. ಸಿಂಕ್ ಸೇವೆ ಪ್ರತಿಯೊಂದು ಕಡತವನ್ನೂ ಬಿಡಿಬಿಡಿಯಾಗಿ, ತನಗೆ ತೋಚಿದ ಕ್ರಮದಲ್ಲಿ ಸಾಗಿಸುತ್ತದೆ. ಹಾಗಾಗಿ ಬ್ರಾಂಚಿನ (ಕೆಲಸದ ಒಂದು ಕವಲಿನ) ತುದಿಯನ್ನು ತೋರಿಸುವ ಕಡತ ಮೊದಲು ತಲುಪಿ, ಅದು ಸೂಚಿಸುವ ಕಮಿಟ್ (ಉಳಿಸಿದ ಬದಲಾವಣೆಯ ದಾಖಲೆ) ಇನ್ನೂ ದಾರಿಯಲ್ಲೇ ಇರುವಾಗ ನೆಟ್‌ವರ್ಕ್ ಹೋದರೆ, ಆ ಯಂತ್ರದಲ್ಲಿ ಗಿಟ್‌ಗೆ ಇಲ್ಲದ ವಸ್ತುವಿನ ವಿಳಾಸ ಮಾತ್ರ ಉಳಿಯುತ್ತದೆ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಆರಂಭಿಸಿದಾಗಿನಿಂದಲೂ ಪ್ರತಿ ಪ್ರತಿಯೂ ಪೂರ್ಣ ಇತಿಹಾಸವನ್ನು ಹೊತ್ತಿರುತ್ತದೆ. ಪ್ರತಿಗಳ ನಡುವಿನ ಸಾಗಣೆಯನ್ನು ಗಿಟ್‌ನ ಪುಶ್ (ಕಳಿಸುವ) ಮತ್ತು ಫೆಚ್ (ತರಿಸಿಕೊಳ್ಳುವ) ಆದೇಶಗಳಿಗೇ ಬಿಡಬೇಕು.

ಮನೆಯ ಡೆಸ್ಕ್‌ಟಾಪ್‌ನಲ್ಲಿ ಒಂದು ಬೇರ್ ರೆಪೊ (ಕೆಲಸದ ಕಡತಗಳಿಲ್ಲದೆ ಇತಿಹಾಸವಷ್ಟೇ ಇರುವ ರೆಪೊ) ಮಾಡಿ, ಉಳಿದ ಯಂತ್ರಗಳಿಂದ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಅದಕ್ಕೇ ಪುಶ್ ಮಾಡಿ. ಪುಲ್ ಮಾಡುವಾಗ (ತರಿಸಿಕೊಂಡು ನಿಮ್ಮ ಬ್ರಾಂಚಿಗೆ ಸೇರಿಸುವಾಗ) ಫಾಸ್ಟ್ ಫಾರ್ವರ್ಡ್ ಮಾತ್ರ, ಅಂದರೆ ಕವಲಿಲ್ಲದೆ ನೇರ ಮುಂದುವರಿಕೆ ಮಾತ್ರ ಎಂದು ಕಾನ್ಫಿಗ್‌ನಲ್ಲಿ ನಿಗದಿಪಡಿಸಿದರೆ, ಎರಡು ಕಡೆಯ ಕೆಲಸ ಕವಲೊಡೆದಾಗ ಗಿಟ್ ತಾನಾಗಿ ಅವನ್ನು ಬೆಸೆಯದೆ (ಮರ್ಜ್ ಮಾಡದೆ) ನಿಂತು ನಿಮ್ಮ ನಿರ್ಧಾರಕ್ಕೆ ಕಾಯುತ್ತದೆ.

ಪ್ರಶ್ನಿಸಿದವರು

ಡೆಸ್ಕ್‌ಟಾಪ್‌ಗೇ ಕರೆಂಟ್ ಇಲ್ಲದಿದ್ದರೆ?

ಉತ್ತರ (ಮಡಿಕೇರಿ)

ಹೊರಗಿನ ಹೋಸ್ಟಿಂಗ್ ಒಂದನ್ನೂ ಜೊತೆಗೆ ಇಟ್ಟುಕೊಳ್ಳಿ. ಗಿಟ್‌ಹಬ್‌ನಲ್ಲಿ 2019ರಿಂದ ಖಾಸಗಿ ರೆಪೊಗಳಿಗೆ ಹಣ ಕೊಡಬೇಕಿಲ್ಲ. ಒಂದೇ ರಿಮೋಟ್‌ಗೆ (ಬೇರೆ ಕಡೆಯ ರೆಪೊಗೆ ಗಿಟ್‌ನಲ್ಲಿ ಕೊಟ್ಟ ಹೆಸರಿಗೆ) ಎರಡು ಪುಶ್ ವಿಳಾಸ ಸೇರಿಸಿದರೆ ಒಂದೇ ಆದೇಶಕ್ಕೆ ಎರಡೂ ಕಡೆ ಹೋಗುತ್ತದೆ. ಆದರೆ ಪುಶ್‌ಗೆಂದು ಮೊದಲ ವಿಳಾಸ ಸೇರಿಸಿದ ಕೂಡಲೇ ಮೂಲ ವಿಳಾಸಕ್ಕೆ ಪುಶ್ ಆಗುವುದು ನಿಲ್ಲುತ್ತದೆ. ಆದ್ದರಿಂದ ಹಳೆಯದನ್ನೂ ಮತ್ತೊಮ್ಮೆ ಸೇರಿಸುವುದು ಅಗತ್ಯ.

ಉತ್ತರ (ಸೋಮವಾರಪೇಟೆ)

ನೆಟ್‌ವರ್ಕ್ ಪೂರ್ತಿ ಇಲ್ಲದ ದಿನಗಳಿಗೆ ಗಿಟ್ ಬಂಡಲ್ ಇದೆ, ಮತ್ತು ನಮ್ಮ ಕಡೆಯ ಮಳೆಗಾಲಕ್ಕೆ ಇದಕ್ಕಿಂತ ಹೊಂದುವ ಉಪಾಯ ನನಗೆ ತಿಳಿದಿಲ್ಲ. ಎಲ್ಲ ಬ್ರಾಂಚ್‌ಗಳನ್ನೂ ಇತಿಹಾಸ ಸಮೇತ ಒಂದೇ ಕಡತವಾಗಿ ಕಟ್ಟಿ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ, ಇನ್ನೊಂದು ಯಂತ್ರದಲ್ಲಿ ಅದೇ ಕಡತವನ್ನು ರಿಮೋಟ್‌ನಂತೆ ಬಳಸಿ ಫೆಚ್ ಮಾಡಬಹುದು, ಅದರಿಂದಲೇ ಕ್ಲೋನ್ (ಹೊಸದಾಗಿ ಪೂರ್ಣ ಪ್ರತಿ) ಕೂಡ ಮಾಡಬಹುದು. ಮುಂದಿನ ಬಾರಿಗೆ ಹೊಸ ಕಮಿಟ್‌ಗಳನ್ನಷ್ಟೇ ಕಟ್ಟಿದರೂ ಸಾಕು, ಆದರೆ ಅವುಗಳ ಹಿಂದಿನ ಕಮಿಟ್‌ಗಳು ಪಡೆಯುವ ಯಂತ್ರದಲ್ಲಿ ಇರಲೇಬೇಕು. ವೆರಿಫೈ ಆದೇಶ ಅದನ್ನು ಪರೀಕ್ಷಿಸಿ ಹೇಳುತ್ತದೆ.

ಅರ್ಧ ಮುಗಿದ ಕೆಲಸವನ್ನು ಸ್ಟ್ಯಾಶ್‌ನಲ್ಲಿ (ಗಿಟ್‌ನ ತಾತ್ಕಾಲಿಕ ಸಂಗ್ರಹದಲ್ಲಿ) ಇಡಬೇಡಿ, ಏಕೆಂದರೆ ಸಾಮಾನ್ಯ ಪುಶ್‌ನಲ್ಲಿ ಸ್ಟ್ಯಾಶ್ ಹೋಗುವುದಿಲ್ಲ. ಪ್ರತಿ ಯಂತ್ರದ ಹೆಸರಿನಲ್ಲಿ ಒಂದೊಂದು ಬ್ರಾಂಚ್ ಮಾಡಿ, ಹೊರಡುವ ಮುನ್ನ ಅದರಲ್ಲೇ ಕಮಿಟ್ ಮಾಡಿ ಕಳಿಸಿ. ಗಿಟ್‌ಇಗ್ನೋರ್‌ನಲ್ಲಿರುವ (ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಕಡತಗಳ ಪಟ್ಟಿಯಲ್ಲಿರುವ) ಪಾಸ್‌ವರ್ಡ್ ಕಡತಗಳೂ, ಮಳೆಯ ಅಳತೆಗಳಿರುವ ಡೇಟಾಬೇಸ್ ಅದರಲ್ಲಿದ್ದರೆ ಅದೂ, ಈ ಯಾವ ದಾರಿಯಲ್ಲಿಯೂ ಬರುವುದಿಲ್ಲ. ಅವುಗಳಿಗೆ ಬೇರೆ ಬ್ಯಾಕಪ್ ಮಾಡಿಕೊಳ್ಳಬೇಕು.